ಎಲೆಮರೆಯ ಕಾಯಿ

ಸದ್ದಿಲ್ಲದೆ ಕೆಲಸ ಮಾಡುವವರನ್ನು ಹೊಗಳಬೇಕಾದಾಗ ‘ಎಲೆಮರೆಯ ಕಾಯಿ’ ಎನ್ನುವ ಮಾತು ನಮ್ಮ ಬಾಯಿಗೆ ತಾನಾಗಿ ಬರುತ್ತದೆ. ನಾನು ಮೂವತ್ತೆರಡು ವರ್ಷ ಕನ್ನಡ ಮೇಷ್ಟರಾಗಿದ್ದವನು. ಬೀಳ್ಕೊಡುಗೆಯ ಸಭೆಗಳಲ್ಲಿ ಎಷ್ಟು ಮಂದಿ ಸಹೋದ್ಯೋಗಿಗಳನ್ನು ಹೀಗೆ ಎಲೆಯ ಹಿಂದೆ ಕೂರಿಸಿದ್ದೇನೋ ಲೆಕ್ಕವಿಲ್ಲ. ನನ್ನ ಸರದಿ ಬಂದಾಗ ನನ್ನನ್ನೂ ಅಲ್ಲಿಯೇ ಕೂರಿಸಿದರು. ಕಾಣಿಸಿಕೊಳ್ಳದೆ ಇರುವುದು ಒಂದು ಗುಣ ಎಂಬುದನ್ನು ನಾನು ಎಂದೂ ಪ್ರಶ್ನಿಸಿದವನಲ್ಲ. ಈಚೆಗೆ ಮಾತ್ರ ಒಂದು ಸಂಶಯ ಕಾಡತೊಡಗಿದೆ. ಎಲೆಯ ಮರೆಯಲ್ಲಿರುವುದು ಕಾಯಿಗೇನೋ ಶೋಭೆಯೇ ಇರಬಹುದು. ಮರದ ಕೆಳಗೆ ಹಸಿದು ನಿಂತವನ ಗತಿಯೇನು? ಅವನಿಗೆ ಕಾಣಲೆಂದು ಎಲೆಯನ್ನು ಸರಿಸುವುದು ಜಂಬವೆ, ಕರ್ತವ್ಯವೆ? ಸರಿಸುವ ಭರದಲ್ಲಿ ಇಲ್ಲದ ಕಾಯಿಯನ್ನೂ ತೋರಿಸಿಬಿಟ್ಟರೆ?

ಈ ಸಂಶಯ ಹುಟ್ಟಿದ್ದು ಒಂದು ಹಾರ್ಮೋನಿಯಂ ಅಂಗಡಿಯಲ್ಲಿ.

ನಮ್ಮ ಭಾವನವರು ಬೆಂಗಳೂರಿನ ಬಳೇಪೇಟೆಯಲ್ಲಿ ಹಾರ್ಮೋನಿಯಂ ರಿಪೇರಿ ಮಾಡುತ್ತಾರೆ. ಅಂಗಡಿ ಎಂದರೆ ಇಬ್ಬರು ಕೂತರೆ ಮೂರನೆಯವನು ಬೀದಿಯಲ್ಲಿ ನಿಲ್ಲಬೇಕಾದಷ್ಟು ಜಾಗ. ಅವರ ಕೈ ಮಾತ್ರ ಬಲು ಹದವಾದದ್ದು. ಹಿತ್ತಾಳೆಯ ರೀಡನ್ನು ತುದಿಯಲ್ಲಿ ಕೂದಲೆಳೆಯಷ್ಟು ಉಜ್ಜಿದರೆ ಸ್ವರ ಏರುತ್ತದೆ, ಬುಡದಲ್ಲಿ ಉಜ್ಜಿದರೆ ಇಳಿಯುತ್ತದೆ. ಒಂದು ಉಜ್ಜು ಹೆಚ್ಚಾದರೆ ರೀಡು ಕೆಟ್ಟಿತು. ಆ ಒಂದು ಉಜ್ಜನ್ನು ಭಾವನವರು ಎಂದೂ ಹೆಚ್ಚು ಹಾಕಿದವರಲ್ಲ. ಹಿಂದೆ ನಾಟಕದ ಕಂಪನಿಯವರು, ಭಜನಮಂಡಳಿಯವರು, ಸಂಗೀತದ ಮೇಷ್ಟರುಗಳು ಒಬ್ಬರಿಂದೊಬ್ಬರು ಕೇಳಿಕೊಂಡು ಬರುತ್ತಿದ್ದರು. ಈಗ ಯಾರೂ ಯಾರನ್ನೂ ಕೇಳುವುದಿಲ್ಲ. ಕೈಯಲ್ಲಿರುವ ಫೋನನ್ನು ಕೇಳುತ್ತಾರೆ. ಫೋನಿಗೆ ಭಾವನವರ ಗುರುತಿರಲಿಲ್ಲ.

ಎರಡು ವರ್ಷದ ಕೆಳಗೆ ಅಕ್ಕನ ಮಗಳು ಅಂಗಡಿಗೆಂದು ಒಂದು ಜಾಲತಾಣ ಮಾಡಿದಳು. ಚೆಂದದ ಚಿತ್ರಗಳು, ಭಾವನವರ ಕೈಕಸುಬಿನ ವರ್ಣನೆ, ಎಲ್ಲ ಇತ್ತು. ಆದರೆ ಗೂಗಲ್‌ನಲ್ಲಿ ಎಷ್ಟು ಪುಟ ತಿರುವಿದರೂ ಅದರ ಸುಳಿವು ಸಿಗಲಿಲ್ಲ. ಆರು ತಿಂಗಳು ಕಾದಮೇಲೆ, ಇಂಥ ತೊಂದರೆಗಳನ್ನು ಪರಿಹರಿಸುವುದೇ ತನ್ನ ಉದ್ಯೋಗ ಎಂದು ಹೇಳಿಕೊಂಡ ಒಬ್ಬ ಯುವಕ ಬಂದ. ಈ ವಿದ್ಯೆಗೆ ‘ಎಸ್‌ಇಒ’ ಎಂದು ಹೆಸರು. “ಮೂರು ತಿಂಗಳು ಸಾರ್. ಮೊದಲನೇ ಪುಟ ಗ್ಯಾರಂಟಿ” ಎಂದ. ಮೊದಲ ಸ್ಥಾನವನ್ನು ಯಾರೂ ಖಾತರಿಯಾಗಿ ಕೊಡಿಸಲಾರರು ಎಂದು ಗೂಗಲ್ ಕಂಪನಿಯೇ ಬರೆದಿಟ್ಟಿದೆಯೆಂಬುದು ನನಗೆ ಆಮೇಲೆ ತಿಳಿಯಿತು. ಅಂದು ಆ ಹುಡುಗನ ಆತ್ಮವಿಶ್ವಾಸಕ್ಕೆ ನಾನು ಮನಸೋತೆ.

ಆ ವಿದ್ಯೆ ಯಾಕೆ ಹುಟ್ಟಿತೆಂಬುದನ್ನು ಎರಡು ಮಾತಿನಲ್ಲಿ ಹೇಳಬೇಕು. ಗೂಗಲನ್ನು 1998ರಲ್ಲಿ ಸ್ಥಾಪಿಸಿದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಎಂಬಿಬ್ಬರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದವರು. ಒಬ್ಬ ವಿದ್ವಾಂಸನ ಪ್ರಬಂಧವನ್ನು ಎಷ್ಟು ಮಂದಿ ಇತರ ವಿದ್ವಾಂಸರು ಉಲ್ಲೇಖಿಸಿದ್ದಾರೆ ಎಂಬುದರಿಂದ ಅದರ ತೂಕವನ್ನು ಊಹಿಸುವುದಿಲ್ಲವೆ? ಹಾಗೆಯೇ ಒಂದು ಪುಟದ ಕಡೆಗೆ ಎಷ್ಟು ಪುಟಗಳು ಕೊಂಡಿ ಚಾಚಿವೆ, ಹಾಗೆ ಚಾಚಿದ ಪುಟಗಳಿಗೆ ತಮ್ಮದೇ ತೂಕ ಎಷ್ಟಿದೆ ಎಂದು ನೋಡಿ ಸ್ಥಾನ ಕೊಡುವುದು ಅವರ ಮೂಲ ಉಪಾಯ. ಈಗ ಅದರ ಜೊತೆಗೆ ಬೇರೆ ಅಳತೆಗಳು ಎಷ್ಟೋ ಸೇರಿಕೊಂಡಿವೆ. ಉಪಾಯವೇನೋ ಸೊಗಸಾದದ್ದೇ. ಆದರೆ ಅಳತೆಗೋಲು ಯಾವುದೆಂದು ತಿಳಿದ ಕೂಡಲೆ ಜನ ಬೆಳೆಯುವುದನ್ನು ಬಿಟ್ಟು ಕೋಲಿನ ಮುಂದೆ ತುದಿಗಾಲಲ್ಲಿ ನಿಲ್ಲುತ್ತಾರೆ. ಒಂದು ಅಳತೆಯನ್ನೇ ಗುರಿ ಮಾಡಿಕೊಂಡರೆ ಅದು ಅಳತೆಯಾಗಿ ಕೆಟ್ಟುಹೋಗುತ್ತದೆಂಬ ತತ್ತ್ವಕ್ಕೆ, 1975ರಲ್ಲಿ ಹಣಕಾಸಿನ ನೀತಿಯನ್ನು ಕುರಿತು ಬರೆದ ಚಾರ್ಲ್ಸ್ ಗುಡ್‌ಹಾರ್ಟ್ ಎಂಬ ಬ್ರಿಟಿಷ್ ಅರ್ಥಶಾಸ್ತ್ರಜ್ಞರ ಹೆಸರು ಅಂಟಿಕೊಂಡಿದೆ. ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆಗಳನ್ನು ತಿದ್ದಿದ ಯಾವ ಮೇಷ್ಟರಿಗೂ ಇದು ಹೊಸದಲ್ಲ. ಪ್ರಶ್ನೆಯಲ್ಲಿನ ಪದಗಳನ್ನೇ ಉತ್ತರದಲ್ಲಿ ನಾಲ್ಕು ಸಲ ಬರೆದು, ಅಡಿಗೆರೆ ಎಳೆದು, ವಿಷಯವನ್ನು ಮಾತ್ರ ಮರೆತ ಹುಡುಗರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಜಾಲದಲ್ಲಿಯೂ ಅದೇ ಆಯಿತು. ಒಂದೇ ಪದವನ್ನು ಪುಟದ ತುಂಬ ತುರುಕಿದರು. ಬಿಳಿಯ ಹಿನ್ನೆಲೆಯ ಮೇಲೆ ಬಿಳಿಯ ಅಕ್ಷರದಲ್ಲಿ, ಮನುಷ್ಯನಿಗೆ ಕಾಣದಂತೆ, ಯಂತ್ರಕ್ಕೆ ಮಾತ್ರ ಕಾಣುವಂತೆ ಬರೆದರು. ಕೊಂಡಿಗಳನ್ನು ದುಡ್ಡು ಕೊಟ್ಟು ಕೊಂಡರು. ಗೂಗಲ್ 2011ರಲ್ಲಿ ‘ಪಾಂಡಾ’, 2012ರಲ್ಲಿ ‘ಪೆಂಗ್ವಿನ್’ ಎಂಬ ತಿದ್ದುಪಡಿಗಳನ್ನು ತಂದು ಜೊಳ್ಳು ಪುಟಗಳನ್ನೂ ಕೊಂಡ ಕೊಂಡಿಗಳನ್ನೂ ಕೆಳಕ್ಕೆ ತಳ್ಳಿತು. ಕಳ್ಳ ಚಾಪೆಯ ಕೆಳಗೆ ತೂರಿದರೆ ಪೊಲೀಸಿನವನು ರಂಗೋಲಿಯ ಕೆಳಗೆ ತೂರುವ ಆಟ ಇಂದಿಗೂ ನಡೆದಿದೆ.

ನಮ್ಮ ಯುವಕ ಹೇಳಿಕೊಟ್ಟ ಉಪಾಯ ಇಷ್ಟು: ಬೆಂಗಳೂರಿನ ನಲವತ್ತು ಬಡಾವಣೆಗಳ ಹೆಸರಿನಲ್ಲಿ ನಲವತ್ತು ಪುಟ. ‘ಜಯನಗರದಲ್ಲಿ ಹಾರ್ಮೋನಿಯಂ ರಿಪೇರಿ’, ‘ವಿಜಯನಗರದಲ್ಲಿ ಹಾರ್ಮೋನಿಯಂ ರಿಪೇರಿ’ ಹೀಗೆ. ಒಳಗಿನ ಮಾತು ಎಲ್ಲಕ್ಕೂ ಒಂದೇ. ಊರಿನ ಹೆಸರು ಮಾತ್ರ ಬೇರೆ. ಕನ್ನಡದಲ್ಲಿ ಒಪ್ಪವಾಗಿ ಬರೆದುಕೊಡಬಲ್ಲವರು ಬೇಕೆಂದ. ನಾನಿದ್ದೆನಲ್ಲ! ನಿವೃತ್ತನ ಕೈಗೆ ಕೆಲಸ ಸಿಕ್ಕಿದ ಉತ್ಸಾಹದಲ್ಲಿ ನಲವತ್ತನ್ನೂ ನಾನೇ ಬರೆದೆ. ‘ನಿಮ್ಮ ಯಲಹಂಕದ ಹೃದಯಭಾಗದಲ್ಲಿ’ ಎಂದು ಬರೆಯುವಾಗ ಲೇಖನಿ ಒಂದು ಕ್ಷಣ ತಡೆಯಿತು ಎಂದು ಈಗ ಹೇಳಿದರೆ ಸುಳ್ಳಾದೀತು. ತಡೆಯಲಿಲ್ಲ. ಭಾವನವರಿಗೆ ಇದಾವುದೂ ತಿಳಿಯದು. ಎರಡು ತಿಂಗಳಲ್ಲಿ ಫೋನು ಬರತೊಡಗಿತು. ಅಕ್ಕ ನನಗೆ ಒಬ್ಬಟ್ಟು ಮಾಡಿ ಬಡಿಸಿದಳು.

ಒಂದು ದಿನ ಮಧ್ಯಾಹ್ನ ನಾನು ಅಂಗಡಿಯಲ್ಲಿ ಕೂತಿದ್ದಾಗ ಎಪ್ಪತ್ತು ದಾಟಿದ ಹಿರಿಯರೊಬ್ಬರು ಹಾರ್ಮೋನಿಯಂ ಪೆಟ್ಟಿಗೆಯನ್ನು ಪಂಚೆಯಲ್ಲಿ ಕಟ್ಟಿ ಹೊತ್ತುಕೊಂಡು ಬಂದರು. ದೊಡ್ಡಬಳ್ಳಾಪುರದ ಕಡೆಯವರು, ಭಜನೆಗೆ ಬಾರಿಸುವವರು. ಬೆವರೊರೆಸಿಕೊಂಡು, ಕೊಟ್ಟ ನೀರು ಕುಡಿದು, ಭಾವನವರನ್ನು ಕೇಳಿದರು: “ಯಲಹಂಕದ ಅಂಗಡೀನ ಯಾವಾಗ ಎತ್ತಿಬಿಟ್ರಿ ಸ್ವಾಮಿ?”

ಮೊಮ್ಮಗ ಫೋನಿನಲ್ಲಿ ನೋಡಿ ಯಲಹಂಕ ಎಂದು ಹೇಳಿದ್ದನಂತೆ. ಬೆಳಿಗ್ಗೆ ಅಲ್ಲಿ ಬಸ್ಸಿಳಿದು, ಪೆಟ್ಟಿಗೆ ಹೊತ್ತು, ಇಲ್ಲದ ಅಂಗಡಿಯನ್ನು ಎರಡು ಗಂಟೆ ಹುಡುಕಿದ್ದಾರೆ. ಔಷಧಿ ಅಂಗಡಿಯ ಹುಡುಗನೊಬ್ಬ ಫೋನು ಮಾಡಿ ಬಳೇಪೇಟೆಯ ವಿಳಾಸ ಬರೆದುಕೊಟ್ಟನಂತೆ. “ಗೊತ್ತಿದ್ದಿದ್ರೆ ಬಸ್ಸಿಂದ ಇಳೀತಾನೇ ಇರ್ಲಿಲ್ಲ. ಮೆಜೆಸ್ಟಿಕ್ಕಿಗೇ ಬರ್ತಿತ್ತಲ್ಲ ಅದು” ಎಂದರು. ದೂರುವ ದನಿಯಲ್ಲ, ತಮ್ಮ ತಿಳಿವಳಿಕೆ ಹಳೆಯದಾಗಿತ್ತೆಂಬ ಸಂಕೋಚ. ಅಂಗಡಿ ಅಲ್ಲಿ ಇರಲೇ ಇಲ್ಲ, ಯಾರೋ ಸುಳ್ಳು ಬರೆದಿದ್ದಾರೆ ಎಂಬ ಯೋಚನೆ ಅವರಿಗೆ ಹೊಳೆದಿರಲಿಲ್ಲ. ಅಂಗಡಿಯನ್ನು ಎತ್ತಿದ್ದಾರೆ ಎಂದೇ ಅವರು ತಿಳಿದರು. ಬೈದಿದ್ದರೆ ನಾನು ಏನಾದರೂ ಸಮಾಧಾನ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಆ ನಂಬಿಕೆಗೆ ನನ್ನ ಬಳಿ ಉತ್ತರವಿರಲಿಲ್ಲ.

ಭಾವನವರು ಮರುಮಾತಿಲ್ಲದೆ ತಿದಿ ಬಿಚ್ಚಿ, ಸೋರುತ್ತಿದ್ದ ಕಡೆ ಹೊಸ ಚರ್ಮ ಹಚ್ಚಿ, ಎರಡು ರೀಡು ಶ್ರುತಿ ಮಾಡಿ, ಕಾಸು ತೆಗೆದುಕೊಳ್ಳದೆ ಕಳುಹಿಸಿದರು. ಅವರು ಹೋದಮೇಲೆ ನನ್ನ ಕಡೆ ತಿರುಗಿದರು. “ಏನಯ್ಯಾ, ಯಲಹಂಕದಲ್ಲಿ ನನಗೊಂದು ಅಂಗಡಿ ಇತ್ತೇನು?”

ಆ ಸಂಜೆ ಮನೆಯಲ್ಲಿ ವಾದ ನಡೆಯಿತು. ಅಕ್ಕನ ಮಗಳ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿರಲಿಲ್ಲ. “ಮಾವ, ಎಲ್ಲರೂ ಹೀಗೇ ಮಾಡುತ್ತಾರೆ. ನಾವು ಮಾಡದಿದ್ದರೆ ಆ ತಾತ ಪಟ್ಟಿಯ ಮೇಲಿರುವ ಇನ್ನಾರ ಹತ್ತಿರವೋ ಹೋಗುತ್ತಾರೆ. ಅವನು ರೀಡು ಅರೆದು ಹಾಳುಮಾಡುತ್ತಾನೆ. ನಮ್ಮ ಅಪ್ಪನಂಥ ಕೆಲಸಗಾರ ಮುಂದೆ ಕಾಣಿಸುವುದರಿಂದ ಅವರಿಗೇ ಅಲ್ಲವೆ ಲಾಭ? ಕೊನೆಗೆ ಪೆಟ್ಟಿಗೆ ಸರಿಹೋಯಿತೋ ಇಲ್ಲವೋ?”

ಸರಿಹೋಯಿತು, ನಿಜ. ಈ ವಾದದ ಅರ್ಧವನ್ನು ನಾನು ಇಂದಿಗೂ ಒಪ್ಪುತ್ತೇನೆ. ಒಳ್ಳೆಯ ಕೆಲಸ ಬಲ್ಲವನು ಬೇಕಾದವನಿಗೆ ಸಿಗದಂತೆ ಇರುವುದು ವಿನಯವಲ್ಲ. ಎಷ್ಟೋ ವೇಳೆ ಅದು ಸೋಮಾರಿತನ, ಕೆಲವು ವೇಳೆ ಅಹಂಕಾರ: ‘ಬೇಕಾದವನು ಹುಡುಕಿಕೊಂಡು ಬರಲಿ’ ಎನ್ನುವ ಗತ್ತು. ಇಲ್ಲಿ ನನಗೆ ಎಸ್. ಆರ್. ರಂಗನಾಥನ್ ಅವರ ನೆನಪಾಗುತ್ತದೆ. ಗಣಿತದ ಮೇಷ್ಟರಾಗಿದ್ದು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದವರು. 1962ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಗ್ರಂಥಾಲಯ ಶಾಸ್ತ್ರದ ತರಬೇತಿ ಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ಇಲ್ಲಿಯೇ ತೀರಿಕೊಂಡರು. 1931ರಲ್ಲಿ ಅವರು ಪ್ರಕಟಿಸಿದ ಪಂಚಸೂತ್ರಗಳಲ್ಲಿ ಒಂದು, ಓದುಗನೊಬ್ಬೊಬ್ಬನಿಗೂ ಅವನ ಪುಸ್ತಕ ಸಿಗಬೇಕೆನ್ನುತ್ತದೆ. ಇನ್ನೊಂದು, ಪುಸ್ತಕವೊಂದೊಂದಕ್ಕೂ ಅದರ ಓದುಗ ಸಿಗಬೇಕೆನ್ನುತ್ತದೆ. ಪುಸ್ತಕವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರೆ ಗ್ರಂಥಪಾಲಕನ ಧರ್ಮ ತೀರಲಿಲ್ಲ. ಅದನ್ನು ಓದುಗನ ಕೈಗೆ ತಲುಪುವಂತೆ ಜೋಡಿಸುವುದು, ಪಟ್ಟಿ ಮಾಡುವುದು, ಗುರುತು ಹಚ್ಚುವುದು ಅವನ ಕೆಲಸ. ಎಸ್‌ಇಒ ಎಂಬುದರ ಒಳ್ಳೆಯ ಅರ್ಧ ಇದೇ.

ಆದರೆ ಅದೇ ಪಂಚಸೂತ್ರಗಳಲ್ಲಿ ಓದುಗನ ಸಮಯವನ್ನು ಉಳಿಸಬೇಕೆಂಬ ಸೂತ್ರವೂ ಒಂದಿದೆ. ಅಕ್ಕನ ಮಗಳ ವಾದ ಎಡವುವುದು ಅಲ್ಲಿ. ನನ್ನ ಪುಟ ಆ ಹಿರಿಯರ ಸಮಯವನ್ನು ಉಳಿಸಲಿಲ್ಲ, ಕದ್ದಿತು. ಗ್ರಂಥಪಾಲಕನು ತನಗೆ ಪ್ರಿಯವಾದ ಪುಸ್ತಕ ಎಲ್ಲರ ಕಣ್ಣಿಗೆ ಬೀಳಲೆಂದು ಅದಕ್ಕೆ ಕಾವ್ಯ, ವೈದ್ಯ, ಜ್ಯೋತಿಷ, ಅಡಿಗೆ ಎಂದು ನಲವತ್ತು ಸುಳ್ಳು ಚೀಟಿ ಬರೆದಿಟ್ಟರೆ, ಪುಸ್ತಕ ಎಷ್ಟೇ ಒಳ್ಳೆಯದಾಗಿರಲಿ, ಗ್ರಂಥಾಲಯ ಕೆಟ್ಟಿತು. ನಾಳೆ ಯಾವ ಚೀಟಿಯನ್ನೂ ಯಾರೂ ನಂಬಲಾರರು. ‘ನಾನು ಒಳ್ಳೆಯವನಾದ್ದರಿಂದ ನನ್ನ ಸುಳ್ಳು ಕ್ಷಮ್ಯ’ ಎಂಬ ತರ್ಕವನ್ನು ಪಟ್ಟಿಯಲ್ಲಿ ಇರುವ ಪ್ರತಿಯೊಬ್ಬನೂ ತನ್ನ ಪಾಲಿಗೆ ಬಳಸಿಕೊಳ್ಳಬಲ್ಲ. ರೀಡು ಅರೆಯುವವನಿಗೂ ತನ್ನ ಕೈಯ ಮೇಲೆ ಅಷ್ಟೇ ವಿಶ್ವಾಸವಿರುತ್ತದೆ.

ದೊಡ್ಡವರೂ ಇದರಲ್ಲಿ ಜಾರಿದ್ದಾರೆ. 2006ರಲ್ಲಿ ಬಿಎಂಡಬ್ಲ್ಯು ಕಾರು ಕಂಪನಿಯ ಜರ್ಮನ್ ಜಾಲತಾಣವನ್ನು ಗೂಗಲ್ ತನ್ನ ಪಟ್ಟಿಯಿಂದಲೇ ಕೆಲವು ದಿನ ತೆಗೆದುಹಾಕಿತು. ಯಂತ್ರಕ್ಕೆ ಒಂದು ಪುಟ ತೋರಿಸಿ, ಬಂದ ಮನುಷ್ಯನನ್ನು ಇನ್ನೊಂದಕ್ಕೆ ಸಾಗಿಸುತ್ತಿದ್ದ ‘ಬಾಗಿಲು ಪುಟ’ಗಳು ಅದರಲ್ಲಿದ್ದವು. ನನ್ನ ನಲವತ್ತು ಪುಟಗಳು ಅದೇ ಕುಲದವು. 2011ರಲ್ಲಿ ಅಮೆರಿಕದ ಜೆ. ಸಿ. ಪೆನ್ನಿ ಎಂಬ ದೊಡ್ಡ ಮಳಿಗೆಯ ಕಡೆಗೆ, ಅದಕ್ಕೆ ಸಂಬಂಧವೇ ಇಲ್ಲದ ಸಾವಿರಾರು ಪುಟಗಳಿಂದ ಕೊಂಡಿ ಹೆಣೆದಿದ್ದುದನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಬಯಲಿಗೆಳೆಯಿತು. ತನಗೇನೂ ಗೊತ್ತಿರಲಿಲ್ಲವೆಂದ ಕಂಪನಿ ಆ ಕೆಲಸಕ್ಕೆ ನೇಮಿಸಿದ್ದ ಸಂಸ್ಥೆಯನ್ನು ಕೈಬಿಟ್ಟಿತು. ನಾನೂ ಮೊದಲು ಹಾಗೆಯೇ ‘ಆ ಹುಡುಗ ಹೇಳಿದ, ನಾನು ಬರೆದೆ’ ಎಂದು ಸಮಾಧಾನ ಮಾಡಿಕೊಂಡೆ. ಆದರೆ ಬೋರ್ಡಿನ ಮೇಲೆ ಇರುವ ಹೆಸರು ಹುಡುಗನದಲ್ಲ, ಭಾವನವರದು, ಕೈಬರಹ ನನ್ನದು. ಕೂಲಿ ಕೊಟ್ಟು ಮಾಡಿಸಿದ ಸುಳ್ಳು ಕೂಲಿಯವನ ಪಾಲಿಗೆ ಹೋಗಿಬಿಡುವುದಿಲ್ಲ.

ಹಾಗಾದರೆ ಜಾಲತಾಣ ಇಟ್ಟುಕೊಂಡವನು ಏನು ಮಾಡಬೇಕು? ಮಾರನೆಯ ದಿನದಿಂದ ನಾವು ಮಾಡಿದ್ದನ್ನು ಹೇಳುತ್ತೇನೆ. ಮೊದಲು ನಲವತ್ತು ಪುಟಗಳನ್ನೂ ತೆಗೆದೆವು. ಹಳೆಯ ಕೊಂಡಿ ಹಿಡಿದು ಯಾರಾದರೂ ಬಂದರೆ ಗೋಡೆಗೆ ಹಣೆ ಬಡಿಯದಂತೆ, ಆ ವಿಳಾಸಗಳೆಲ್ಲ ಒಂದೇ ನಿಜವಾದ ಪುಟಕ್ಕೆ ಬರುವಂತೆ ಮಾಡಿದೆವು. ಅದರ ಮೊದಲ ಸಾಲು: ‘ನಮಗೆ ಇರುವುದು ಒಂದೇ ಅಂಗಡಿ, ಬಳೇಪೇಟೆಯಲ್ಲಿ.’ ಆಮೇಲೆ ಮಗು ಒಂದು ಪರೀಕ್ಷೆ ಮಾಡಿದಳು. ತಾಣದ ಮಾಲೀಕರು ತಮ್ಮ ಪುಟಗಳನ್ನು ಯಂತ್ರ ಹೇಗೆ ಕಾಣುತ್ತಿದೆ ಎಂದು ತಿಳಿಯುವುದಕ್ಕೆ ಗೂಗಲ್‌ನದೇ ‘ಸರ್ಚ್ ಕನ್ಸೋಲ್’ ಎಂಬ ಸೌಕರ್ಯ ಬಿಟ್ಟಿಯಾಗಿ ಇದೆ. ಅದರಲ್ಲಿ ನೋಡಿದರೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಾಣವನ್ನು ಕಟ್ಟುವಾಗ, ಕೆಲಸ ಮುಗಿಯುವವರೆಗೆ ಯಾರ ಕಣ್ಣಿಗೂ ಬೀಳದಿರಲೆಂದು, ‘ಇದನ್ನು ಪಟ್ಟಿಗೆ ಸೇರಿಸಬೇಡಿ’ ಎಂಬ ಅರ್ಥದ ಒಂದು ಗುರುತನ್ನು ಒಳಗೆ ಇಟ್ಟಿದ್ದಳು. ತೆಗೆಯಲು ಮರೆತಿದ್ದಳು. ಭಾವನವರ ಮೂಲ ಪುಟಗಳು ಆರು ತಿಂಗಳು ಕಾಣದಿದ್ದುದಕ್ಕೆ ಲೋಕದ ಅನ್ಯಾಯ ಕಾರಣವಲ್ಲ. ಬೋರ್ಡನ್ನು ನಾವೇ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದೆವು. ಗ್ಯಾರಂಟಿ ಕೊಟ್ಟ ಯುವಕ ಅದನ್ನು ತಿರುಗಿಸಿ ನೋಡುವ ಗೋಜಿಗೆ ಹೋಗದೆ ನಲವತ್ತು ಹೊಸ ಬೋರ್ಡು ಬರೆಸಿದ್ದ.

ಮಿಕ್ಕದ್ದೆಲ್ಲ ಸಣ್ಣ ಕೆಲಸಗಳು. ಪ್ರತಿ ಪುಟಕ್ಕೂ ಒಳಗೆ ಏನಿದೆಯೋ ಅದನ್ನೇ ಹೇಳುವ ತಲೆಬರಹ ಕೊಟ್ಟೆವು. ಭಾರಿ ಚಿತ್ರಗಳಿಂದ ಪುಟ ತೆರೆದುಕೊಳ್ಳುವುದು ತಡವಾಗುತ್ತಿತ್ತು. ಅವನ್ನು ಕಿರಿದು ಮಾಡಿ, ಕಣ್ಣು ಕಾಣದವರಿಗೂ ಯಂತ್ರಕ್ಕೂ ತಿಳಿಯುವಂತೆ ಒಂದೊಂದಕ್ಕೂ ಒಂದು ಸಾಲು ವಿವರಣೆ ಬರೆದೆವು. ಬಸ್ಸಿನ ನಿಲ್ದಾಣದಿಂದ ದಾರಿ, ಅಂಗಡಿ ತೆರೆದಿರುವ ಹೊತ್ತು, ವಾರದ ರಜೆ ಎಲ್ಲ ಸ್ಪಷ್ಟಪಡಿಸಿದೆವು. ನನ್ನ ವರ್ಣನೆಗಳನ್ನೂ ತೆಗೆದೆ. ‘ನಾದೋಪಾಸಕರ ಸೇವೆಯಲ್ಲಿ’ ಎಂದು ಯಾವ ಗಿರಾಕಿ ತಾನೆ ಹುಡುಕುತ್ತಾನೆ? ಒಂದು ತಿಂಗಳು ಅಂಗಡಿಯಲ್ಲಿ ಕೂತು ಬಂದವರ ಮಾತನ್ನೇ ಬರೆದುಕೊಂಡೆ: ‘ಗಾಳಿ ಸೋರುತ್ತೆ’, ‘ಒಂದು ಮನೆ ಒತ್ತಿದರೆ ಮೇಲಕ್ಕೇ ಬರುವುದಿಲ್ಲ’, ‘ಬಾರಿಸದೆ ಇದ್ದರೂ ಕೂಗುತ್ತೆ’. ಒಂದೊಂದಕ್ಕೂ ಭಾವನವರು ಹೇಳಿದ ಉತ್ತರವನ್ನು ಹಾಕಿದೆ. ಮನೆಯಲ್ಲೇ ಸರಿಮಾಡಿಕೊಳ್ಳಬಹುದಾದ್ದನ್ನು ಹೇಗೆ ಮಾಡಬೇಕೆಂಬುದನ್ನೂ ಹೇಳಿದೆವು. “ಹಾಗೆ ಹೇಳಿಬಿಟ್ಟರೆ ಗಿರಾಕಿ ಯಾಕೆ ಬರುತ್ತಾನೆ?” ಎಂದು ಅಕ್ಕ ಕೇಳಿದಳು. “ಮನೆಯಲ್ಲಿ ಆಗದಿದ್ದಾಗ ಬರ್ತಾನೆ ಬಿಡು” ಎಂದರು ಭಾವ.

ಒಂದು ಪುಟ ಬರೆಯುವಾಗ ಈಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಹುಡುಕುಯಂತ್ರ ಎಂಬುದೊಂದು ಲೋಕದಲ್ಲಿ ಇಲ್ಲದೆ ಇದ್ದಿದ್ದರೂ, ಬಂದವರಿಗಾಗಿ ಈ ಮಾತನ್ನು ನಾನು ಬರೆಯುತ್ತಿದ್ದೆನೆ? ವಿಳಾಸವನ್ನು ಬರೆಯುತ್ತಿದ್ದೆ. ಗಾಳಿ ಸೋರುವುದರ ವಿಚಾರ ಬರೆಯುತ್ತಿದ್ದೆ. ಯಲಹಂಕದ ಪುಟವನ್ನು ಬರೆಯುತ್ತಿರಲಿಲ್ಲ. ಸ್ಥಾನ ಕೊಡುವವನ ಕಡೆ ಮುಖ ಮಾಡಿ ಆಡಿದ ಮಾತಿಗೂ ದಾರಿ ಕೇಳಿದವನ ಕಡೆ ಮುಖ ಮಾಡಿ ಆಡಿದ ಮಾತಿಗೂ ಇರುವ ಅಂತರ ಇಷ್ಟರಲ್ಲಿಯೇ ಗೊತ್ತಾಗಿಬಿಡುತ್ತದೆ.

ಇಷ್ಟಾದರೆ ಧರ್ಮಕ್ಕೆ ಜಯವಾಯಿತೆ? ಓದುಗರಿಗೆ ಅಂಥ ಭರವಸೆ ಕೊಡಲಾರೆ. ಪುಟಗಳನ್ನು ತೆಗೆದ ಮೇಲೆ ಮೂರು ತಿಂಗಳು ಫೋನು ಮೌನವಾಗಿತ್ತು. ಅಕ್ಕ ನನಗೆ ಒಬ್ಬಟ್ಟು ಮಾಡಲಿಲ್ಲ. ಈಗ ಕೆಲವು ದಿನ ಮೂರನೆಯವರಾಗಿ, ಕೆಲವು ದಿನ ಏಳನೆಯವರಾಗಿ ಕಾಣುತ್ತೇವೆ. ನಮ್ಮ ಮೇಲೆ, ಊರಿನ ಪ್ರತಿ ಬಡಾವಣೆಯಲ್ಲೂ ‘ಹೃದಯಭಾಗ’ ಉಳ್ಳ ಒಬ್ಬರು ಸುಖವಾಗಿದ್ದಾರೆ. ಸ್ಥಾನ ಕೊಡುವವನು ಕೂಡ ನಿರ್ಲಿಪ್ತ ನ್ಯಾಯಾಧೀಶನಲ್ಲ. ಜಾಹೀರಾತು ಮಾರುವ ವರ್ತಕ. ಜಾಹೀರಾತಿನ ಹಣದಿಂದ ನಡೆಯುವ ಹುಡುಕುಯಂತ್ರ ಜಾಹೀರಾತುದಾರರ ಕಡೆ ವಾಲುವುದು ಸಹಜ ಎಂದು 1998ರ ತಮ್ಮ ಪ್ರಬಂಧದಲ್ಲಿ ಎಚ್ಚರಿಸಿದ್ದವರು ಬ್ರಿನ್ ಮತ್ತು ಪೇಜ್ ಅವರೇ. 2000ದಲ್ಲಿ ಅವರ ಕಂಪನಿಯೂ ಜಾಹೀರಾತು ಮಾರತೊಡಗಿತು. 2024ರ ಆಗಸ್ಟ್‌ನಲ್ಲಿ ಅಮೆರಿಕದ ಫೆಡರಲ್ ನ್ಯಾಯಾಲಯವೊಂದು, ಹುಡುಕಾಟದಲ್ಲಿ ಗೂಗಲ್ ತನ್ನ ಏಕಸ್ವಾಮ್ಯವನ್ನು ಕಾನೂನಿಗೆ ವಿರುದ್ಧವಾಗಿ ಕಾಪಾಡಿಕೊಂಡಿದೆಯೆಂದು ತೀರ್ಪು ಕೊಟ್ಟಿತು. ಇಂಥವನ ಪಟ್ಟಿಯಲ್ಲಿ ಮೇಲಿರುವುದನ್ನೇ ಯೋಗ್ಯತೆಯೆಂದು ತಿಳಿಯುವುದೂ ತಪ್ಪು, ಕೆಳಗಿರುವುದನ್ನೇ ಸಾತ್ತ್ವಿಕತೆಯೆಂದು ಬೀಗುವುದೂ ತಪ್ಪು. ತೀರ್ಪುಗಾರ ಸರಿಯಿಲ್ಲವೆಂಬುದು ಅವನಿಗೆ ಮೋಸ ಮಾಡಲು ಒಂದು ನೆವವಾಗಿ ಕಾಣುತ್ತದೆ, ನಿಜ. ಆದರೆ ಆ ಮೋಸದ ಪೆಟ್ಟು ಅವನಿಗೆ ತಾಗುವುದಿಲ್ಲ. ಪಂಚೆಯಲ್ಲಿ ಪೆಟ್ಟಿಗೆ ಕಟ್ಟಿಕೊಂಡು ಯಲಹಂಕದಲ್ಲಿ ಇಳಿದವನಿಗೆ ತಾಗುತ್ತದೆ.

ಎಲೆಯನ್ನು ಸರಿಸಬೇಕು, ಇರುವ ಕಾಯಿಯಷ್ಟನ್ನೇ ತೋರಿಸಬೇಕು. ಅಷ್ಟು ಮಾಡಿದ ಮೇಲೂ ಕೆಲವರು ನಮ್ಮನ್ನು ಕಾಣದೆ ದಾಟಿಹೋಗುತ್ತಾರೆ. ಆ ನಷ್ಟವನ್ನು ಹೊರಬೇಕು. ಹೊರುವುದು ಸುಲಭವೆಂದು ಅಂಗಡಿಯ ಬಾಡಿಗೆ ಕೊಡಬೇಕಾದವರ ಮುಂದೆ ಹೇಳುವ ಧೈರ್ಯ, ಪಿಂಚಣಿ ತೆಗೆದುಕೊಳ್ಳುವ ನನಗಿಲ್ಲ. ಹೊತ್ತವರು ಭಾವನವರು.

ದೊಡ್ಡಬಳ್ಳಾಪುರದ ಹಿರಿಯರು ಹೋದ ತಿಂಗಳು ಫೋನು ಮಾಡಿದ್ದರು. ಭಜನಮಂಡಳಿಯ ಇನ್ನೊಂದು ಪೆಟ್ಟಿಗೆಯನ್ನು ತರುತ್ತಾರಂತೆ. “ಈಗ ದಾರಿ ಗೊತ್ತು ಬಿಡಿ, ಯಲಹಂಕದಲ್ಲಿ ಇಳಿಯೋಲ್ಲ” ಎಂದು ನಕ್ಕರು. ಅಲ್ಲಿಯ ಅಂಗಡಿಯನ್ನು ನಾವು ಎತ್ತಿದೆವೆಂದೇ ಅವರು ಇನ್ನೂ ನಂಬಿದ್ದಾರೆ. ಇಷ್ಟು ಜನ ಓದುವ ಕಡೆ ಬರೆದು ಒಪ್ಪಿಕೊಳ್ಳುವುದು ನನಗೆ ಕಷ್ಟವಾಗಲಿಲ್ಲ. ಅವರೊಬ್ಬರು ಎದುರಿಗೆ ಬಂದು ಕೂತಾಗ ಹೇಳಬೇಕಾಗಿದೆ.